ಬೀಗ ತೆಗೆದರೆ ಬರೆಯದ ಕಾರ್ಡು

"ಮೇಡಂ, ಮೂರನೇ ಕಾರ್ಡೂ ಖಾಲಿ ಬಂದಿದೆ," ಎಂದು ಆಕೆ ಫೋನಿನಲ್ಲಿ ಮರಾಠಿಯಲ್ಲಿ ಹೇಳಿದಾಗ ನನ್ನ ಕೈಯಲ್ಲಿ ಬೆಳಗಿನ ಚಹಾದ ಲೋಟವಿತ್ತು. ಆಕೆ ಛತ್ರಪತಿ ಸಂಭಾಜಿನಗರದ ಒಂದು ಆಸ್ಪತ್ರೆಯ ಹೃದಯ ವಿಭಾಗದಲ್ಲಿದ್ದ ಸಿಸ್ಟರ್. ನಾನು ನಾಸಿಕದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಎಂಜಿನಿಯರ್. ಹತ್ತು ದಿನದ ಹಿಂದೆ ಆ ಆಸ್ಪತ್ರೆಗೆ ನಾವು ಐದು ಹೊಸ ಯಂತ್ರ ಕಳಿಸಿದ್ದೆವು.

ಅಂಗೈಯಲ್ಲಿ ಹಿಡಿಯುವಷ್ಟು ಯಂತ್ರ ಅದು. ಎದೆಗೆ ಅಂಟಿಸಿದ ಬಿಲ್ಲೆಗಳಿಂದ ನಾಲ್ಕಾರು ತಂತಿ ಹೊರಟು ಸೊಂಟದ ಚೀಲದಲ್ಲಿರುವ ಇದಕ್ಕೆ ಬಂದು ಸೇರುತ್ತವೆ. ರೋಗಿ ಒಂದು ಹಗಲು ಒಂದು ರಾತ್ರಿ ಅದನ್ನು ಕಟ್ಟಿಕೊಂಡು ತನ್ನ ಪಾಡಿಗೆ ಓಡಾಡಿಕೊಂಡಿರಬೇಕು. ಆ ಹೊತ್ತಿನ ಹೃದಯದ ಬಡಿತವೆಲ್ಲ ಒಳಗಿನ ಮೆಮೊರಿ ಕಾರ್ಡಿನಲ್ಲಿ ಬರೆದುಕೊಳ್ಳುತ್ತದೆ. ಮರುದಿನ ಡಾಕ್ಟರು ಕಾರ್ಡು ತೆಗೆದು ಕಂಪ್ಯೂಟರಿನಲ್ಲಿ ನೋಡುತ್ತಾರೆ. ಯಂತ್ರಕ್ಕೂ ಕಾರ್ಡಿಗೂ ನಡುವೆ ಮಾತು ಸಾಗಿಸುವ ಒಂದು ಚಿಕ್ಕ ಪ್ರೋಗ್ರಾಂ ಇರುತ್ತದೆ. ಅದನ್ನು ಡ್ರೈವರ್ ಎನ್ನುತ್ತೇವೆ. ನಮ್ಮ ಯಂತ್ರದ ಡ್ರೈವರ್ ಬರೆದವಳು ನಾನೇ.

"ಹಸಿರು ದೀಪ ಹತ್ತಿತ್ತಾ?" ಎಂದು ಕೇಳಿದೆ.

"ಹತ್ತಿತ್ತು. ಮೂರರಲ್ಲೂ ಹತ್ತಿತ್ತು. ಅದನ್ನು ನೋಡಿಯೇ ರೋಗಿಗಳನ್ನು ಮನೆಗೆ ಕಳಿಸಿದೆ. ಮೊದಲ ಸಲ ನನ್ನದೇ ತಪ್ಪು ಅಂದುಕೊಂಡೆ. ಎರಡನೇ ಸಲ ಕಾರ್ಡಿನ ತಪ್ಪು ಅಂದುಕೊಂಡೆ. ಈಗ ಏನು ಅಂದುಕೊಳ್ಳಲಿ, ನೀವೇ ಹೇಳಿ."

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಒಂದು ಗಂಟೆ ಸಮಯ ಕೊಡಿ ಎಂದು ಫೋನು ಇಟ್ಟೆ. ಇಡುತ್ತಿದ್ದ ಹಾಗೇ ಮೂರು ವಾರದ ಹಿಂದಿನ ಒಂದು ಮಾತು ನೆನಪಾಯಿತು.

ನಮ್ಮಲ್ಲಿ ತಯಾರಾದ ಪ್ರತಿ ಯಂತ್ರವನ್ನೂ ಕೊನೆಗೆ ಪರೀಕ್ಷೆ ಮಾಡಿ ಪೆಟ್ಟಿಗೆಗೆ ಹಾಕುವವಳು ಒಬ್ಬ ಹೆಂಗಸು. ಕಾರ್ಖಾನೆಯವರೆಲ್ಲ ಆಕೆಯನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ; ನಾನು ಅಕ್ಕ ಎನ್ನುತ್ತೇನೆ. ಆಕೆಯ ತಂದೆತಾಯಿ ಇಂಡಿ ಕಡೆಯಿಂದ ನಾಸಿಕಕ್ಕೆ ಕಟ್ಟಡದ ಕೆಲಸಕ್ಕೆ ಬಂದವರು. ಅಕ್ಕ ಮರಳಿನ ರಾಶಿಗಳ ಪಕ್ಕದಲ್ಲೇ ಬೆಳೆದವಳು. ನನ್ನ ಅಪ್ಪ ಬಾಗಲಕೋಟೆಯಿಂದ ಕೇಂದ್ರ ಸರ್ಕಾರದ ನೌಕರಿಯಲ್ಲಿ ವರ್ಗವಾಗಿ ಬಂದು ಇಲ್ಲೇ ಉಳಿದವರು. ಹೀಗೆ ಇಬ್ಬರ ಮನೆಯಲ್ಲೂ ಕನ್ನಡ ಉಳಿದಿತ್ತು. ಕಾರ್ಖಾನೆಯಲ್ಲಿ ಎಲ್ಲರೊಂದಿಗೆ ಮರಾಠಿ, ಅಕ್ಕನೊಂದಿಗೆ ಮಾತ್ರ ನಮ್ಮ ಮಾತು. ಆಕೆ ನನ್ನನ್ನು 'ಬಾಯಾರ', ಅಂದರೆ ಅಮ್ಮಾವ್ರೇ, ಎಂದು ಕರೆಯುವಾಗ, ವಯಸ್ಸಿನಲ್ಲಿ ಹದಿನೈದು ವರ್ಷ ದೊಡ್ಡವಳು ಹೀಗೆ ಕರೆಯುತ್ತಾಳಲ್ಲ ಎಂದು ಸಂಕೋಚವಾಗುತ್ತಿತ್ತು.

ಮೂರು ವಾರದ ಹಿಂದೆ ಹೊಸ ಯಂತ್ರಗಳ ಮೊದಲ ಕಂತು ಅವಳ ಟೇಬಲ್ಲಿಗೆ ಬಂದಿತ್ತು. ಹಳೆಯ ಕಾರ್ಡ್ ಸಾಕೆಟ್ಟು ಸಿಗುವುದು ನಿಂತಿದ್ದರಿಂದ ಇವುಗಳಿಗೆ ಬೇರೆ ಸಾಕೆಟ್ಟು ಹಾಕಿದ್ದೆವು. ಅಕ್ಕ ನನ್ನ ಕುರ್ಚಿಯ ಹತ್ತಿರ ಬಂದು ನಿಂತಳು.

"ಬಾಯಾರ, ಒಂದು ಮಾತು. ಹೊಸಾ ಮಷಿನ್‌ನ್ಯಾಗ ಕಾರ್ಡಿನ ಗುಂಡಿ ಕೆಳಗ ಸರಸಿದ್ರ ಅಷ್ಟ ಬರೀತೈತ್ರಿ. ಮ್ಯಾಲ ಇದ್ರ ಬರ್ಯಾಂಗಿಲ್ಲ."

ನಾನು ಪರದೆಯಿಂದ ಕಣ್ಣು ತೆಗೆಯದೆ, "ನಿಮ್ಮ ಟೆಸ್ಟಿಂಗ್ ಕಾರ್ಡು ಹಳೇವಾಗ್ಯಾವ ಅಕ್ಕಾ. ಗುಂಡಿ ಸವದಿರತಾವ," ಎಂದೆ.

"ಹಂಗಾದ್ರ ಕೆಳಗ ಸರಸೇ ಟೆಸ್ಟ್ ಮಾಡ್ಲಿ?"

"ಮಾಡ್ರಿ."

ಅಷ್ಟೇ ನಡೆದದ್ದು. ಎದ್ದು ಹತ್ತು ಹೆಜ್ಜೆ ನಡೆದು ಅವಳ ಟೇಬಲ್ಲಿನಲ್ಲಿ ನೋಡಿದ್ದರೆ ಆವತ್ತೇ ತಿಳಿಯುತ್ತಿತ್ತು. ನಾನು ಏಳಲಿಲ್ಲ.

ಆ ಗುಂಡಿಯ ವಿಷಯ ಸ್ವಲ್ಪ ಹೇಳಬೇಕು. ದೊಡ್ಡ ಅಳತೆಯ ಮೆಮೊರಿ ಕಾರ್ಡಿನ ಎಡ ಅಂಚಿನಲ್ಲಿ ಅಕ್ಕಿ ಕಾಳಿನಷ್ಟು ಒಂದು ಗುಂಡಿ ಇರುತ್ತದೆ. ಮೇಲಿದ್ದರೆ ಬರೆಯಬಹುದು, ಕೆಳಗೆ ಸರಿಸಿದರೆ ಬೀಗ ಹಾಕಿದಂತೆ. ಬೀಗ ಎನ್ನುತ್ತೇವೆಯೇ ಹೊರತು ಗುಂಡಿ ಎಲ್ಲಿದೆ ಎನ್ನುವುದು ಕಾರ್ಡಿಗೆ ಗೊತ್ತೇ ಇರುವುದಿಲ್ಲ. ಕಾರ್ಡು ಕೂರುವ ಸಾಕೆಟ್ಟಿನಲ್ಲಿ ತೆಳ್ಳನೆಯ ಒಂದು ಲೋಹದ ಪಟ್ಟಿ ಇರುತ್ತದೆ. ಗುಂಡಿ ಅದನ್ನು ಒತ್ತಿದೆಯೋ ಇಲ್ಲವೋ ಎನ್ನುವುದು ಒಂದು ತಂತಿಯ ಮೂಲಕ ಯಂತ್ರಕ್ಕೆ ತಿಳಿಯುತ್ತದೆ. ತಂತಿಯಲ್ಲಿ ವೋಲ್ಟೇಜು ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಯಾವುದಕ್ಕೆ ಯಾವ ಅರ್ಥ ಎನ್ನುವುದು ಸಾಕೆಟ್ಟು ಮಾಡುವವರ ಇಷ್ಟ. ಇದನ್ನೇ ಪೋಲಾರಿಟಿ ಎನ್ನುವುದು. ನಮ್ಮ ಹಳೆಯ ಸಾಕೆಟ್ಟಿನಲ್ಲಿ ವೋಲ್ಟೇಜು ಇದ್ದರೆ 'ಬರೆಯಬಹುದು' ಎಂದರ್ಥ, ಹೊಸದರಲ್ಲಿ 'ಬೀಗ ಇದೆ' ಎಂದರ್ಥ.

ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಹೊಸ ಸಾಕೆಟ್ಟಿನ ಕಾಗದಪತ್ರ ಓದಿ, ಯಂತ್ರದ ವಿವರ ಬರೆದಿಡುವ ಕಡತದಲ್ಲಿ 'ಈ ತಂತಿಯ ಅರ್ಥ ಹಿಂದಿನದಕ್ಕೆ ವಿರುದ್ಧ' ಎಂದು ಒಂದು ಸಾಲು ಸೇರಿಸಿದ್ದೆ. ಸೇರಿಸಿ, ಕೆಲಸ ಮುಗಿಯಿತು ಎಂದುಕೊಂಡಿದ್ದೆ.

ಫೋನು ಇಟ್ಟವಳೇ ಅಕ್ಕನ ಹತ್ತಿರ ಹೋದೆ. ಹೊಸ ಯಂತ್ರವೊಂದನ್ನೂ ಪ್ಯಾಕೆಟ್ಟು ಒಡೆಯದ ಹೊಸ ಕಾರ್ಡೊಂದನ್ನೂ ಕೇಳಿದೆ. ಆಕೆ ಕಾರಣ ಕೇಳದೆ ತೆಗೆದುಕೊಟ್ಟಳು. ಪರೀಕ್ಷೆಗೆಂದು ನಕಲಿ ಬಡಿತ ಕೊಡುವ ಪೆಟ್ಟಿಗೆಗೆ ತಂತಿ ಸೇರಿಸಿ, ಗುಂಡಿ ಮೇಲಿರುವಂತೆಯೇ ಕಾರ್ಡು ಹಾಕಿದೆ. ಹಸಿರು ದೀಪ ಹತ್ತಿತು. ಹತ್ತು ನಿಮಿಷ ಬಿಟ್ಟು ತೆಗೆದು ಕಂಪ್ಯೂಟರಿಗೆ ಹಾಕಿದರೆ ಕಾರ್ಡು ಖಾಲಿ. ಗುಂಡಿ ಕೆಳಗೆ ಸರಿಸಿ, ಅಂದರೆ ಬೀಗ ಹಾಕಿ, ಮತ್ತೆ ಯಂತ್ರಕ್ಕೆ ಹಾಕಿದೆ. ಈ ಸಲ ಹತ್ತು ನಿಮಿಷದ ಬಡಿತವೆಲ್ಲ ಅಚ್ಚುಕಟ್ಟಾಗಿ ಬರೆದುಕೊಂಡಿತ್ತು.

"ಅಕ್ಕಾ, ನೀವು ಅವತ್ತು ಹೇಳಿದ್ದು ಖರೇ ಇತ್ತು. ನಾ ಕೇಳ್ಲಿಲ್ಲ," ಎಂದೆ.

ಆಕೆ ಕಾರ್ಡನ್ನೇ ನೋಡುತ್ತಾ, "ದವಾಖಾನಿಗೆ ಹೋದ್ವಲ್ರಿ ಆ ಐದು? ಅವು ಹಿಂಗ ಮಾಡ್ಯಾವೇನು?" ಎಂದಳು.

"ಹೂಂ."

"ಅಯ್ಯೋ ಶಿವನ. ನಾನ ಪಾಸ್ ಅಂತ ಸಹಿ ಮಾಡೇನ್ರಿ."

"ನಾ ಮಾಡ್ರಿ ಅಂದಿದ್ದಕ್ಕ ಮಾಡೀರಿ. ನಿಮ್ದೇನೂ ತಪ್ಪಿಲ್ಲ."

ಆಮೇಲೆ ನನ್ನ ಕುರ್ಚಿಗೆ ಬಂದು ಡ್ರೈವರನ್ನು ಮೊದಲ ಸಾಲಿನಿಂದ ಓದಿದೆ. ಸಿಕ್ಕಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬರೆದಿದ್ದೆ ಅದನ್ನು. ಆಗ ಇದ್ದದ್ದು ಒಂದೇ ಬಗೆಯ ಸಾಕೆಟ್ಟು. ಹಾಗಾಗಿ ತಂತಿಯಲ್ಲಿ ವೋಲ್ಟೇಜು ಇದ್ದರೆ 'ಬರೆಯಬಹುದು' ಎಂದೇ ಓದುವಂತೆ ನೇರವಾಗಿ ಬರೆದುಬಿಟ್ಟಿದ್ದೆ. ವಿವರದ ಕಡತದಲ್ಲಿ ಏನಿದೆ ಎಂದು ಡ್ರೈವರ್ ತಿರುಗಿಯೂ ನೋಡುತ್ತಿರಲಿಲ್ಲ. ನಾನು ಈಗ ಜಾಗರೂಕತೆಯಿಂದ ಸೇರಿಸಿದ ಸಾಲನ್ನು ಓದುವವರೇ ಇರಲಿಲ್ಲ.

ಇನ್ನೂ ಒಂದು ತಪ್ಪು ಮಾಡಿದ್ದೆ. ಕಾರ್ಡಿಗೆ ಬೀಗ ಇದೆ ಎಂದು ಕಂಡರೆ ಯಂತ್ರ ಕೂಗಾಡದೆ, ಹಸಿರು ದೀಪವನ್ನೇ ಹತ್ತಿಸಿ ಸುಮ್ಮನೆ ತನ್ನ ಒಳಗಿನ ಪುಟ್ಟ ಮೆಮೊರಿಯಲ್ಲಿ ಬರೆದಿಟ್ಟುಕೊಳ್ಳುವಂತೆ ಮಾಡಿದ್ದೆ. ರೋಗಿ ಗಾಬರಿಯಾಗಬಾರದು ಎನ್ನುವುದು ಆಗಿನ ನನ್ನ ಜಾಣತನ. ಆ ಪುಟ್ಟ ಮೆಮೊರಿಯಲ್ಲಿ ಹಿಡಿಸುವುದು ಎಂಟು ಗಂಟೆಯ ಬಡಿತ ಮಾತ್ರ. ತುಂಬಿದ ಮೇಲೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತಾ ಹೋಗುತ್ತದೆ.

ಅದು ಹೊಳೆದದ್ದೇ ಆಸ್ಪತ್ರೆಗೆ ಫೋನು ಮಾಡಿದೆ. "ಸಿಸ್ಟರ್, ಆ ಮೂರು ಯಂತ್ರಗಳನ್ನು ಯಾರೂ ಆನ್ ಮಾಡಬೇಡಿ. ಕೊನೆಯ ಎಂಟು ಗಂಟೆಯದು ಒಳಗೆ ಇರಬಹುದು."

"ಎರಡನ್ನು ನಿನ್ನೆಯೇ ಬೇರೆ ಕಾರ್ಡು ಹಾಕಿ ನೋಡಿದೆವಲ್ಲ," ಎಂದಳು ಆಕೆ. "ಮೂರನೆಯದು ಮಾತ್ರ ಇವತ್ತು ಬೆಳಿಗ್ಗೆ ಕಳಚಿದ್ದು. ಬೇಸರ ಬಂದು ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ್ದೇನೆ."

"ಅಲ್ಲೇ ಇರಲಿ. ನಾಳೆ ನಾನೇ ಬರುತ್ತೇನೆ."

ಡ್ರೈವರ್ ತಿದ್ದಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬರೆದಿಟ್ಟಿದ್ದ ಹಳೆಯ ಅರ್ಥವನ್ನು ಕಿತ್ತುಹಾಕಿ, ಪೋಲಾರಿಟಿ ಏನೆಂದು ವಿವರದ ಕಡತವನ್ನೇ ಕೇಳುವಂತೆ ಮಾಡಿದೆ. ಹೊಸ ಯಂತ್ರಕ್ಕೆ ಹಾಕಿದೆ. ಗುಂಡಿ ಮೇಲಿದ್ದಾಗ ಬರೆಯಿತು, ಕೆಳಗಿದ್ದಾಗ ನಿರಾಕರಿಸಿತು. ಕಾರ್ಖಾನೆಯ ಸಾಹೇಬರಿಗೆ ಹೇಳಲು ಎದ್ದೆ.

"ಬಾಯಾರ, ನಿಲ್ರಿ," ಎಂದಳು ಅಕ್ಕ. "ಹಳೇ ಮಷಿನ್‌ನ್ಯಾಗೂ ಒಮ್ಮೆ ಹಾಕಿ ನೋಡೂಣು. ದವಾಖಾನಿಯೊಳಗ ಹಳೇವೂ ಅದಾವಲ್ರಿ. ಅಲ್ಲಿ ಯಾರರೆ ಇದನ್ನ ಅದರಾಗ ಹಾಕಿದ್ರ?"

ಈ ಸಲ ನಾನು ತಕ್ಷಣ ಕುಳಿತೆ. ಹಳೆಯ ಯಂತ್ರಕ್ಕೆ ಹೊಸ ಡ್ರೈವರ್ ಹಾಕಿದರೆ, ಅಲ್ಲಿ ಎಲ್ಲ ತಿರುಗುಮುರುಗು. ಹಳೆಯ ವಿವರದ ಕಡತಗಳಲ್ಲಿ ಪೋಲಾರಿಟಿಯ ಸಾಲೇ ಇರಲಿಲ್ಲ. ಸಾಲು ಇಲ್ಲದಿದ್ದರೆ ಏನು ತಿಳಿಯಬೇಕೆಂದು ನಾನು ಡ್ರೈವರಿಗೆ ಹೇಳಿರಲಿಲ್ಲ. ಅದು ತನಗೆ ತೋಚಿದ ಅರ್ಥ ಹಿಡಿದಿತ್ತು. ಹಾಗೇ ಹೊರಗೆ ಹೋಗಿದ್ದರೆ, ಐದು ಯಂತ್ರ ಸರಿಮಾಡಲು ಹೋಗಿ ಇಷ್ಟು ವರ್ಷ ನೆಟ್ಟಗಿದ್ದ ಯಂತ್ರಗಳನ್ನೆಲ್ಲ ನಾನೇ ಕೆಡಿಸಿರುತ್ತಿದ್ದೆ.

ಸಾಲು ಇಲ್ಲದಿದ್ದರೆ ಹಳೆಯ ಅರ್ಥವನ್ನೇ ಹಿಡಿ ಎಂದು ಸೇರಿಸಿದೆ. ಬೀಗ ಕಂಡರೆ ಶುರುವಿನಲ್ಲೇ ಕೆಂಪು ದೀಪ ಹತ್ತಿಸಿ ಕೂಗು ಎಂದೂ ಸೇರಿಸಿದೆ. ಅಕ್ಕ ತನ್ನ ನೋಟ್‌ಬುಕ್ಕಿನಲ್ಲಿ ನಾಲ್ಕು ಮನೆ ಗೆರೆ ಹೊಡೆದಳು. ಅಡ್ಡಕ್ಕೆ ಹಳೇದು, ಹೊಸದು; ಉದ್ದಕ್ಕೆ ಗುಂಡಿ ಮೇಲೆ, ಗುಂಡಿ ಕೆಳಗೆ. ಒಂದೊಂದು ಮನೆಗೂ ಮೂರು ಮೂರು ಯಂತ್ರ ಹಾಕಿ ನೋಡಿ ಟಿಕ್ ಮಾಡಿದಳು. ಪಾಳಿ ಬಿಡುವ ಹೊತ್ತಿಗೆ ನಾಲ್ಕೂ ಮನೆ ತುಂಬಿದವು.

ಸಾಹೇಬರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಾವಶಿ ಮೂರು ವಾರದ ಹಿಂದೆಯೇ ಹೇಳಿದ್ದಳು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದೂ ಹೇಳಿದೆ. ಅವರು ಹಣೆ ತಿಕ್ಕಿಕೊಂಡು, "ರೋಗಿಗೆ ಏನೂ ಆಗಿಲ್ಲ ತಾನೆ?" ಎಂದು ಮಾತ್ರ ಕೇಳಿದರು. ಗೊತ್ತಿಲ್ಲ, ನಾಳೆ ಹೋಗಿ ನೋಡಿ ಹೇಳುತ್ತೇನೆ ಎಂದೆ.

ಮರುದಿನ ಬೆಳಿಗ್ಗೆ ಮೊದಲ ಸರ್ಕಾರಿ ಎಸ್‌ಟಿ ಬಸ್ಸು ಹಿಡಿದೆ. ನಿಫಾಡ ದಾಟುವವರೆಗೆ ಎರಡೂ ಕಡೆ ದ್ರಾಕ್ಷಿ ತೋಟ. ಯೇವಲಾದಲ್ಲಿ ಪೈಠಣಿ ಸೀರೆಯ ಅಂಗಡಿಗಳ ಬೋರ್ಡುಗಳ ಕೆಳಗೆ ಬಸ್ಸು ನಿಂತಾಗ ಕಂಡಕ್ಟರು ಚಹಾಕ್ಕೆ ಇಳಿದರು, ನಾನು ಇಳಿಯಲಿಲ್ಲ. ಲ್ಯಾಪ್‌ಟಾಪಿನ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದೇ ಲೆಕ್ಕ ಹಾಕುತ್ತಿದ್ದೆ. ಕಳಚಿದ್ದು ಬೆಳಿಗ್ಗೆ ಹತ್ತಕ್ಕೆ ಅಂದರೆ, ಒಳಗಿರುವುದು ನಸುಕಿನ ಎರಡರಿಂದ. ಮನುಷ್ಯ ಮಲಗಿದ್ದ ಹೊತ್ತೇ ಹೆಚ್ಚು. ಅದರಲ್ಲಿ ಏನು ಸಿಕ್ಕೀತು?

ಆಸ್ಪತ್ರೆಯಲ್ಲಿ ಸಿಸ್ಟರ್ ನನಗಾಗಿ ಕಾಯುತ್ತಿದ್ದಳು. ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕ ವಯಸ್ಸು. ಕೋಣೆಯ ಹೊರಗಿನ ಬೆಂಚಿನಲ್ಲಿ ಅರವತ್ತರ ಹತ್ತಿರದ ಒಬ್ಬ ಗಂಡಸು, ಪಕ್ಕದಲ್ಲಿ ಅವರ ಹೆಂಡತಿ. ಗಂಡಸಿನ ಹಣೆಯ ಮೇಲೆ ಇನ್ನೂ ಒಣಗದ ಗಾಯಕ್ಕೆ ಪಟ್ಟಿ ಹಾಕಿತ್ತು. ಮೂರನೇ ಯಂತ್ರ ಕಟ್ಟಿಕೊಂಡವರು ಅವರೇ ಎಂದಳು ಸಿಸ್ಟರ್. ಮತ್ತೆ ಕಟ್ಟಬೇಕು ಎಂದು ಕರೆಸಿದ್ದಳು.

"ಇನ್ನೊಮ್ಮಿ ಯಾಕಂತ ಕೇಳ್ರಿ," ಎಂದು ಹೆಂಡತಿ ಮೆಲ್ಲಗೆ ಹೇಳಿದಳು. "ಕೇಳಿದ್ರ ಬೈತಾರೇನೋ," ಎಂದರು ಗಂಡ.

ನಮ್ಮ ಕಡೆಯ ಕನ್ನಡದಲ್ಲಿ ಆ ಮಾತು ಕೇಳಿ ನಾನು ನಿಂತುಬಿಟ್ಟೆ. "ಯಾರೂ ಬೈಯಂಗಿಲ್ರಿ ಕಾಕಾ. ತಪ್ಪು ನಂದ ಐತಿ," ಎಂದೆ.

ಇಬ್ಬರೂ ತಲೆಯೆತ್ತಿ ನೋಡಿದರು. ಸಿಂದಗಿ ಕಡೆಯವರು. ಅವರು ಗೌಂಡಿ, ಇಟ್ಟಿಗೆ ಕಟ್ಟುವುದರಲ್ಲಿ ಪಳಗಿದ ಕೈ. ಇಪ್ಪತ್ತು ವರ್ಷದಿಂದ ಇದೇ ಊರಿನಲ್ಲಿ ಒಂದಾದ ಮೇಲೊಂದು ಕಟ್ಟಡ. ಈಚೆಗೆ ಎರಡು ತಿಂಗಳಲ್ಲಿ ನಾಲ್ಕು ಸಲ ಇದ್ದಕ್ಕಿದ್ದಂತೆ ಕಣ್ಣು ಕತ್ತಲೆಯಾಗಿ ಬಿದ್ದಿದ್ದರು. ಕೊನೆಯ ಸಲ ಬಿದ್ದಾಗ ಹಣೆ ಒಡೆದಿತ್ತು.

"ಮುಕಾದಮ ಏನಂದಾ ಗೊತ್ತೇನ್ರಿ?" ಎಂದಳು ಹೆಂಡತಿ. ಮುಕಾದಮ ಎಂದರೆ ಕೂಲಿಯವರ ಮೇಲ್ವಿಚಾರಕ. "ಕುಡದು ಬಿದ್ದಾನ, ನಾಳಿಯಿಂದ ಬರಬ್ಯಾಡ ಅಂದ. ನಮ್ಮ ಮನೆಯವರು ಅದನ್ನ ಮುಟ್ಟಂಗಿಲ್ರಿ. ಮಗಳ ಗಂಡ ಸುದ್ದಾ ನಂಬವಲ್ಲ. ವಾಸನಿ ನೋಡಪಾ ಅಂದೆ."

"ಬಿಡ ಅದನ್ನ," ಎಂದರು ಅವರು ನೆಲ ನೋಡುತ್ತಾ.

ಯಂತ್ರದಲ್ಲಿ ಏನಾಗಿತ್ತು ಎಂದು ಅವರಿಗೆ ತಿಳಿಯುವ ಹಾಗೆ ಹೇಳಿದೆ. ಕಾರ್ಡಿಗೆ ಬೀಗ ಇಲ್ಲದಾಗ ಇದೆ ಎಂದೂ, ಇದ್ದಾಗ ಇಲ್ಲ ಎಂದೂ ಓದುತ್ತಿತ್ತು, ಹಾಗೆ ಓದಲು ಕಲಿಸಿದವಳು ನಾನೇ ಎಂದೆ. ಕಾಕಾ ಸಾವಕಾಶವಾಗಿ ಕೇಳಿಸಿಕೊಂಡು, "ಗ್ವಾಡಿ ಸೊಟ್ಟ ಆದ್ರ ನಾವೂ ಕೆಡವಿ ಕಟ್ತೀವ್ರಿ. ಈಗ ಏನು ಮಾಡೂದು ಅದನ್ನ ಹೇಳ್ರಿ," ಎಂದರು.

ಸಿಸ್ಟರ್ ಕಪಾಟು ತೆರೆದು ಯಂತ್ರ ಕೊಟ್ಟಳು. ಆನ್ ಮಾಡದೆ ಒಳಗಿನ ಮೆಮೊರಿಯನ್ನು ನೇರವಾಗಿ ಲ್ಯಾಪ್‌ಟಾಪಿಗೆ ಓದಿಕೊಳ್ಳುವ ದಾರಿಯನ್ನು ಹಿಂದಿನ ದಿನವೇ ಸಿದ್ಧ ಮಾಡಿಕೊಂಡಿದ್ದೆ. ತಂತಿ ಸಿಕ್ಕಿಸುವಾಗ ಎರಡು ಸಲ ತಪ್ಪಿತು. ಮೂರನೇ ಸಲ ಕೂತಿತು. ಪರದೆಯ ಮೇಲೆ ಪಟ್ಟಿ ನಿಧಾನವಾಗಿ ತುಂಬುತ್ತಾ ಬಂತು. ಎಂಟು ಗಂಟೆ, ಒಂದು ನಿಮಿಷವೂ ಬಿಡದಂತೆ.

ಡಾಕ್ಟರು ಬಂದು ನನ್ನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡರು. "ಆ ದಿನ ಏನಾದರೂ ಆಯಿತಾ ಇವರಿಗೆ?" ಎಂದು ಮರಾಠಿಯಲ್ಲಿ ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ.

"ಬೀಳ್ಲಿಲ್ರಿ," ಎಂದಳು ಹೆಂಡತಿ. "ಆದ್ರ ಮುಂಜಾನಿ ನಳದ ಹತ್ರ ಮಾರಿ ತೊಳಕೊಳ್ಳೂವಾಗ ಗಪ್ಪನ ಕುಂತುಬಿಟ್ರು. ನಾ ಭುಜಾ ಹಿಡದೆ. ಏಳೂವರಿ ಆಗಿತ್ತು, ನೀರು ಬಿಡೂ ಹೊತ್ತು."

ಡಾಕ್ಟರು ಏಳಕ್ಕೆ ಹೋದರು, ಅಲ್ಲಿಂದ ಮುಂದೆ ಸರಿಸುತ್ತಾ ಬಂದರು. ಸಾಲು ಸಾಲಾಗಿ ಒಂದೇ ಅಳತೆಯ ಬಡಿತಗಳು. ಏಳು ಗಂಟೆ ಮೂವತ್ತೆರಡನೇ ನಿಮಿಷಕ್ಕೆ ಬಂದಾಗ ಅವರ ಕೈ ನಿಂತಿತು. ಒಂದು ಬಡಿತ. ಆಮೇಲೆ ನೇರವಾದ ಗೆರೆ. ಆ ಗೆರೆ ಹೋಗುತ್ತಲೇ ಇತ್ತು. ಅದರ ತುದಿಯಲ್ಲಿ ಮತ್ತೆ ಒಂದು ಬಡಿತ. ನಾನು ಡಾಕ್ಟರಲ್ಲ, ಆದರೂ ನನಗೆ ಅರ್ಥವಾಯಿತು.

"ಐದು ಸೆಕೆಂಡು," ಎಂದರು ಡಾಕ್ಟರು. "ಐದು ಸೆಕೆಂಡು ಇವರ ಹೃದಯ ನಿಂತಿತ್ತು. ಇವರು ಎದ್ದು ನಿಂತುಕೊಂಡಿದ್ದರೆ ಬೀಳುತ್ತಿದ್ದರು. ಕೂತದ್ದರಿಂದ ಉಳಿದರು. ಪೇಸ್‌ಮೇಕರ್ ಹಾಕಬೇಕು. ಇವತ್ತೇ ದಾಖಲು ಮಾಡಿಕೊಳ್ಳುತ್ತೇನೆ, ಮನೆಗೆ ಕಳಿಸುವುದಿಲ್ಲ."

ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ. ಹೆದರಬೇಡಿ, ಇದಕ್ಕೆ ಚಿಕಿತ್ಸೆ ಇದೆ, ಹೃದಯಕ್ಕೆ ಬಡಿತ ತಪ್ಪಿದಾಗ ನೆನಪು ಮಾಡಿಕೊಡುವ ಒಂದು ಸಣ್ಣ ಯಂತ್ರವನ್ನು ಚರ್ಮದ ಕೆಳಗೆ ಇಡುತ್ತಾರೆ ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಹೆಂಡತಿ ಅಳುತ್ತಾಳೆಂದು ಅಂದುಕೊಂಡಿದ್ದೆ. ಆಕೆ ಪರದೆಯ ಮೇಲಿನ ಆ ನೇರ ಗೆರೆಯನ್ನು ಬೆರಳಿನಿಂದ ತೋರಿಸಿ ಕೇಳಿದ್ದೇ ಬೇರೆ.

"ಇದು ಕುಡದ್ದಕ್ಕ ಆಗೂದಲ್ಲ, ಹೌದಲ್ರಿ?"

ನಾನು ಡಾಕ್ಟರನ್ನು ಕೇಳಿದೆ. ಅವರು ಆಕೆಯ ಕಡೆ ತಿರುಗಿ, ನನ್ನ ಮೂಲಕವಲ್ಲದೆ, ತಮಗೆ ಬಂದಷ್ಟು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು: ಇದಕ್ಕೂ ಕುಡಿತಕ್ಕೂ ಏನೂ ಸಂಬಂಧವಿಲ್ಲ.

"ಒಂದು ಕಾಗದದ ಮ್ಯಾಲ ಬರದ ಕೊಡ್ರಿ," ಎಂದಳು ಆಕೆ. ಡಾಕ್ಟರು ಅಲ್ಲೇ ಬರೆದು ಸಹಿ ಹಾಕಿ ಕೊಟ್ಟರು. ಕಾಕಾ ಅದನ್ನು ಓದಲು ಬಾರದಿದ್ದರೂ ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ತೋಳಿನಿಂದ ಮುಖ ಒರೆಸಿಕೊಂಡರು. ಎರಡು ತಿಂಗಳಿಂದ ಅವರ ಮನಸ್ಸಿನಲ್ಲಿ ಕೂತಿದ್ದದ್ದು ಸಾವಿನ ಹೆದರಿಕೆಯಲ್ಲ, ಆ ಆರೋಪ ಎಂದು ನನಗೆ ಆಗ ತಿಳಿಯಿತು.

ಮಧ್ಯಾಹ್ನದವರೆಗೆ ಕೂತು ಐದೂ ಯಂತ್ರಗಳಿಗೆ ಹೊಸ ಡ್ರೈವರ್ ಹಾಕಿದೆ. ಅಕ್ಕನ ನೋಟ್‌ಬುಕ್ಕಿನ ಹಾಳೆಯ ಫೋಟೋ ನನ್ನ ಫೋನಿನಲ್ಲಿತ್ತು. ಅದನ್ನು ಎದುರಿಗಿಟ್ಟುಕೊಂಡು ಪ್ರತಿಯೊಂದನ್ನೂ ಗುಂಡಿ ಮೇಲೆ, ಗುಂಡಿ ಕೆಳಗೆ ಮಾಡಿ ನೋಡಿದೆ. ಸಿಸ್ಟರ್ ಬೇಕೆಂದೇ ಬೀಗ ಹಾಕಿದ ಕಾರ್ಡು ತುರುಕಿದಳು. ಯಂತ್ರ ಕೆಂಪಾಗಿ ಕೂಗಿದಾಗ, "ಹೀಗೆ ಮೊದಲೇ ಕೂಗಿದ್ದರೆ ನಾನು ಇಷ್ಟು ದಿನ ನನ್ನನ್ನೇ ಬೈದುಕೊಳ್ಳುತ್ತಿರಲಿಲ್ಲ," ಎಂದು ನಕ್ಕಳು. ಆ ನಗು ಕೇಳಿದ ಮೇಲೆ ನನಗೆ ಹಸಿವಾಯಿತು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಕ್ಯಾಂಟೀನಿನಲ್ಲಿ ಎರಡು ತಟ್ಟೆ ಒಗ್ಗರಣೆ ಅವಲಕ್ಕಿ ತಿಂದೆ.

ಉಳಿದ ಇಬ್ಬರು ರೋಗಿಗಳೂ ಮರುವಾರ ಮತ್ತೆ ಯಂತ್ರ ಕಟ್ಟಿಕೊಂಡರು. ಇಬ್ಬರದ್ದೂ ಪೂರ್ತಿ ಬರೆದುಕೊಂಡಿತು, ಇಬ್ಬರಲ್ಲೂ ಹೆದರುವಂಥದ್ದೇನೂ ಇರಲಿಲ್ಲ ಎಂದು ಸಿಸ್ಟರ್ ತಿಳಿಸಿದಳು. ಅಕ್ಕನ ನಾಲ್ಕು ಮನೆಯ ಹಾಳೆ ಈಗ ನಮ್ಮ ಕಾರ್ಖಾನೆಯ ಪರೀಕ್ಷೆಯ ಕ್ರಮ. ಆಕೆ ಏನಾದರೂ ಹೇಳಲು ಬಂದರೆ ನಾನು ಎದ್ದು ಅವಳ ಟೇಬಲ್ಲಿಗೇ ಹೋಗುತ್ತೇನೆ. ಹತ್ತರಲ್ಲಿ ಎಂಟು ಸಲ ಏನೂ ಇರುವುದಿಲ್ಲ. "ಸುಮ್ಮನ ನಿಮಗ ಓಡ್ಯಾಡ್ಸಿದೆ ನೋಡ್ರಿ," ಎನ್ನುತ್ತಾಳೆ. "ಇರಲಿ ಬಿಡ್ರಿ," ಎನ್ನುತ್ತೇನೆ.

ಕಾಕಾ ಅವರನ್ನು ಇನ್ನೊಮ್ಮೆ ನೋಡಿದೆ. ಒಂದು ತಿಂಗಳ ಮೇಲೆ ಆಸ್ಪತ್ರೆಯ ಹಳೆಯ ಯಂತ್ರಗಳಿಗೂ ಹೊಸ ಡ್ರೈವರ್ ಹಾಕಲು ಹೋದಾಗ, ಅವರು ಹೊಲಿಗೆ ತೋರಿಸಲು ಬಂದಿದ್ದರು. ಹಣೆಯ ಗಾಯ ಮಾಯ್ದಿತ್ತು, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ. ಎಡಭುಜದ ಕೆಳಗೆ ಉಬ್ಬಿದ ಜಾಗವನ್ನು ಅಂಗಿಯ ಮೇಲಿನಿಂದಲೇ ಮುಟ್ಟಿ ತೋರಿಸಿದರು.

"ಇದರಾಗೂ ನಿಮ್ಮ ಕಾರ್ಡ ಐತೇನ್ರಿ?"

"ಇಲ್ರಿ ಕಾಕಾ. ಇದು ನಾವು ಮಾಡಿದ್ದಲ್ಲ."

"ಹಂಗಾದ್ರ ಕಾಳಜಿ ಇಲ್ಲ ಬಿಡ್ರಿ," ಎಂದರು. ಅವರ ಹೆಂಡತಿ, "ಹಂಗ ಅಂತಾರೇನ್ರಿ?" ಎಂದು ಗದರಿದಳು. ಸಿಸ್ಟರಿಗೆ ನಾನು ಅದನ್ನು ಮರಾಠಿಯಲ್ಲಿ ಹೇಳಿದೆ. ನಾಲ್ವರೂ ಆ ಕಾರಿಡಾರಿನಲ್ಲಿ ನಿಂತು ನಕ್ಕೆವು.

ಮುಕಾದಮ ಡಾಕ್ಟರ ಕಾಗದ ಓದಿಸಿಕೊಂಡು ಕೇಳಿ, ಮನೆಗೇ ಬಂದು ಕೆಲಸಕ್ಕೆ ಕರೆದನಂತೆ. ಭಾರ ಎತ್ತುವ, ಎತ್ತರಕ್ಕೆ ಹತ್ತುವ ಕೆಲಸ ಸದ್ಯಕ್ಕೆ ಬೇಡ ಎಂದು ಡಾಕ್ಟರು ಹೇಳಿದ್ದರಿಂದ, ಕಾಕಾ ಈಗ ನೆಲಕ್ಕೆ ಫರಸಿ ಕಲ್ಲು ಕೂರಿಸುವ ಕಡೆ ನಿಂತು ಹುಡುಗರಿಗೆ ಮಟ್ಟ ನೋಡಿಕೊಡುತ್ತಾರಂತೆ. "ನನ್ನ ಮಗಳ ಗಂಡಾನೂ ಬಂದಿದ್ದ. ಮಾತಾಡ್ಲಿಲ್ಲ, ಚಾ ಕುಡದ ಹೋದ," ಎಂದು ಹೇಳುವಾಗ ಅವರ ಮುಖದಲ್ಲಿ ಒಂದು ಸಮಾಧಾನವಿತ್ತು. ಆಮೇಲೆ ಸಿಸ್ಟರ್ ಒಳಗೆ ಹೋಗಿ ಅವರ ಹೆಸರು ಕೂಗಿದಳು. ಕಾಕಾ ಚಪ್ಪಲಿ ಕಳಚಿಟ್ಟು, ಅಂಗಿಯ ಗುಂಡಿ ಬಿಚ್ಚಿಕೊಳ್ಳುತ್ತಾ ಒಳಗೆ ಹೋದರು. ಅವರ ಹೆಂಡತಿ ಬೆಂಚಿನ ಮೇಲೆ ಸರಿದು ನನಗೆ ಜಾಗ ಮಾಡಿಕೊಟ್ಟಳು.